ಗಾಡಿ ಚಾಲೂ ಇತ್ತು

ನನ್ನ ಈಗಿನ ಕಾರು ಸಿಗ್ನಲ್ ಬಿದ್ದರೆ ತಾನೇ ಎಂಜಿನ್ ನಿಲ್ಲಿಸಿಕೊಳ್ಳುತ್ತದೆ; ಆ ಮೌನಕ್ಕೆ ನನ್ನ ಬಲಗಾಲು ಇಂದಿಗೂ ಬೆಚ್ಚುತ್ತದೆ.

ನಾನು ಚಿಕ್ಕಂದಿನಲ್ಲಿದ್ದಾಗ ಒಮ್ಮೆ ಅವ್ವ ಅಪ್ಪನ ಜೊತೆ ಜಗಳವಾಡಿ, ಮುಂಬಯಿಯ ಇನ್ನೊಂದು ತುದಿಗಿದ್ದ ಚೆಂಬೂರಿನ ಸೋದರಮಾವನ ಮನೆಗೆ ಹೋಗಿ ಹದಿನೈದು ದಿನವಾಗಿತ್ತು. ಕರೆತರಲು ಅಪ್ಪ ಒಂದು ಮಧ್ಯಾಹ್ನ ನನ್ನನ್ನೂ ಕೂರಿಸಿಕೊಂಡು ಬೊರಿವಲಿಯ ನಮ್ಮ ಮನೆಯಿಂದ ಹೊರಟ. ನಮ್ಮ ಹಳೆಯ ಕಾರು ಒಮ್ಮೆ ನಿಂತರೆ ಮತ್ತೆ ಸ್ಟಾರ್ಟ್ ಆಗುವ ಭರವಸೆ ಇರಲಿಲ್ಲ. ಮಾವನ ಬಿಲ್ಡಿಂಗ್ ಕೆಳಗೆ ಅಪ್ಪ ಹ್ಯಾಂಡ್‌ಬ್ರೇಕ್ ಎಳೆದು, ನನ್ನನ್ನು ಡ್ರೈವರ್ ಸೀಟಿನ ಅಂಚಿಗೆ ಕೂರಿಸಿದ.

"ಆಕ್ಸಲರೇಟರ್ ಸ್ವಲ್ಪ ಒತ್ತಿ ಹಿಡಿ. ಕಾಲು ತಗದೀ ಅಂದ್ರ ಬಂದ್ ಬೀಳತದ. ಅವ್ವನ್ನ ಕರಕೊಂಡು ಹಿಂಗ ಹೋಗಿ ಹಿಂಗ ಬರತೀನಿ."

ಬಿಸಿಲಿಗೆ ರೆಕ್ಸಿನ್ ಸೀಟು ತೊಡೆಗೆ ಅಂಟುತ್ತಿತ್ತು. ಪೆಟ್ರೋಲ್ ವಾಸನೆಗೆ ತಲೆ ತಿರುಗುತ್ತಿತ್ತು. ಕಾಲು ಜೋಮು ಹಿಡಿದರೂ ನಾನು ತೆಗೆಯಲಿಲ್ಲ.

ಎರಡನೇ ಮಹಡಿಯ ಗ್ಯಾಲರಿಗೆ ಅವ್ವ ಬಂದಳು, ಹಿಂದೆಯೇ ಅಪ್ಪ. ಅವಳು ಬಗ್ಗಿ, ಕೆಳಗೆ ಗಡಗಡ ನಡುಗುತ್ತಿದ್ದ ಕಾರನ್ನು ನೋಡಿದಳು.

"ಗಾಡಿ ಬಂದ್ ಮಾಡಾಕೂ ಪುರುಸೊತ್ತಿಲ್ಲೇನ್ರಿ ನಿಮಗ? ಕರದ ಕೂಡಲೇ ಹತ್ತಾಕ ನಾ ಏನ್ ಪ್ಯಾಸೆಂಜರ್ ಏನು?"

"ಹಂಗಲ್ಲ. ಮತ್ತ ಸ್ಟಾರ್ಟ್ ಆಗೂದಿಲ್ಲ ಅದು."

"ಆಗದಿದ್ರ ಏನಾತು? ಕೂತು ಎರಡು ಮಾತಾಡ್ರಿ."

ಅಪ್ಪ ಇಳಿದು ಬಂದ. ಕಿಟಕಿಯೊಳಗೆ ಕೈ ಹಾಕಿ, ಕೀಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಮೇಲೆ ಅವ್ವ ಕಾಯುತ್ತಿದ್ದಳು.

"ಸರಿ, ಆ ಕಡೆ ಕೂಡು," ಎಂದು ನನಗೆ ಹೇಳಿ ಬಾಗಿಲು ತೆರೆದ.

ಅಂದು ನಾವಿಬ್ಬರೇ ಬೊರಿವಲಿ ಮುಟ್ಟುವವರೆಗೆ ಆ ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ.