ತಲೆಯ ಮೇಲಿನ ಆಣೆ

ನೀಲಾಂಬಿಕಾ ಒಳಗೆ ಕಾಲಿಡಬಾರದೆಂದು ಸರೋಜವ್ವ ಹೃದಯದ ವಾರ್ಡಿನ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಒಳಗೆ ಅವಳ ಗಂಡ, ಅಕ್ಕಿಆಲೂರಿನ ಅಕ್ಕಿ ಗಿರಣಿಯ ಪರಮೇಶ್ವರಪ್ಪ, ಎದೆಗೆ ವೈರು ಅಂಟಿಸಿಕೊಂಡು ಮಲಗಿದ್ದ. ಬೆಳಿಗ್ಗೆ ಗಿರಣಿಯಲ್ಲಿ ಎದೆ ಹಿಡಿದುಕೊಂಡು ಕುಸಿದವನನ್ನು ಜೀಪಿನಲ್ಲಿ ಹಾಕಿಕೊಂಡು ಹಾನಗಲ್ಲಿನ ಈ ಆಸ್ಪತ್ರೆಗೆ ತಂದಿದ್ದರು. ಸತ್ತ ಮೈದುನನ ಹೆಂಡತಿ ನೀಲಾಂಬಿಕಾ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಆ ಸೆರಗಿನ ಮೇಲಿಂದ ಸರೋಜವ್ವನ ಕಣ್ಣು ಕದಲಲಿಲ್ಲ.

"ಅಕ್ಕಾ, ಡಾಕ್ಟರಿಗೆ ಒಂದು ಮಾತು ಹೇಳಿ ಹೋಗ್ತೇನಿ."

"ನೀ ಹೇಳೂದೇನೂ ಬ್ಯಾಡ. ನೀ ಮಾಡಿದ್ದ ಸಾಕಾಗೇತಿ."

ಸರೋಜವ್ವನ ಲೆಕ್ಕ ಪಕ್ಕಾ ಇತ್ತು. ಗಂಡನಿಗೆ ಮದ್ದು ಹಾಕಿದ್ದಾರೆ, ಹಾಕಿದವಳು ಇವಳೇ. ಕೂಳಿನಲ್ಲಿ ಕಲಸಿ ಕೊಟ್ಟ ಮದ್ದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಳಗಿಂದೊಳಗೇ ತಿನ್ನುತ್ತದೆಂದು ಅವಳು ತವರಿನಲ್ಲೇ ಕೇಳಿ ಬೆಳೆದವಳು. ಇಲ್ಲದಿದ್ದರೆ ಗಟ್ಟಿಮುಟ್ಟಾಗಿದ್ದವನ ಹೊಟ್ಟೆ ಹೀಗೆ ಮುಂದಕ್ಕೆ ಬರುವುದೆಂದರೇನು, ಕುತ್ತಿಗೆ ರೊಟ್ಟಿ ಹಂಚಿನಂತೆ ಕಪ್ಪಾಗುವುದೆಂದರೇನು, ಕೊಡ ನೀರು ಕುಡಿದರೂ ದಾಹ ಹಿಂಗದಿರುವುದೆಂದರೇನು? ಅದೂ ಅವನು ದಿನಾ ಬೆಳಿಗ್ಗೆ ಚಹಾದ ನೆಪದಲ್ಲಿ ನೀಲಾಂಬಿಕಾಳ ಮನೆಗೆ ಹೋಗತೊಡಗಿದ ಮೇಲೆ. ಕುತ್ತಿಗೆ ಕಪ್ಪಾದದ್ದು ಮೊದಲೋ, ಚಹಾ ಶುರುವಾದದ್ದು ಮೊದಲೋ ಎಂದು ಸರೋಜವ್ವ ಯೋಚಿಸಲು ಹೋಗಲಿಲ್ಲ. ಸಂಶಯ ಬಂದವರಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ? ಒಂದು ದಿನ ಕಿಟಕಿಯಲ್ಲಿ ಇಣುಕಿ ಕಣ್ಣಾರೆ ಕಂಡಳು. ನೀಲಾಂಬಿಕಾ ಬೆಳ್ಳಗಿನದೇನನ್ನೋ ಪರಮೇಶ್ವರಪ್ಪನ ಅಂಗೈಗೆ ಹಾಕಿದಳು, ಅವನು ಕಳ್ಳನಂತೆ ಅತ್ತಿತ್ತ ನೋಡಿ ನುಂಗಿದ. ಗಿರಣಿಯ ಪಾಲಿನ ಮೇಲೆ ಕಣ್ಣು, ಮತ್ತೇನು?

ಸುಮ್ಮನೆ ಕೈಕಟ್ಟಿ ಕೂರುವ ಹೆಂಗಸಲ್ಲ ಸರೋಜವ್ವ. ಸವಣೂರಿನ ಎಲೆತೋಟಗಳ ಆಚೆ ಮದ್ದು ತೆಗೆಯುವ ಯಲ್ಲಪ್ಪನಿದ್ದ. ಗಂಡನನ್ನು ಅಲ್ಲಿಗೆ ಎಳೆದೊಯ್ದು, ಸೊಪ್ಪಿನ ರಸ ಕುಡಿಸಿ, ಕರುಳು ಬಾಯಿಗೆ ಬರುವಂತೆ ಕಾರಿಸಿದಳು. ಬರುವಾಗ ಒಂದು ಮಠದ ಗದ್ದುಗೆಯ ಮುಂದೆ ನಿಲ್ಲಿಸಿ, ಅವನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, ನೀಲಾಂಬಿಕಾ ಕೊಟ್ಟದ್ದನ್ನು ಇನ್ನೆಂದೂ ಬಾಯಿಗೆ ಹಾಕುವುದಿಲ್ಲವೆಂದು ಆಣೆ ಮಾಡಿಸಿದಳು. "ತಪ್ಪಿದ್ರ ನಾ ಉಳಿಯೂದಿಲ್ಲ ನೋಡ್ರಿ" ಎಂದಳು. ಪರಮೇಶ್ವರಪ್ಪ ಏನೋ ಹೇಳಲು ಬಾಯಿ ತೆರೆದವನು ಅವಳ ಕಣ್ಣೀರು ನೋಡಿ ಆಣೆಯ ಮಾತನ್ನಷ್ಟೇ ನುಡಿದ. ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು.

ಡಾಕ್ಟರ್ ಮಲ್ಲಿಕಾ ಬಾಗಿಲಿಗೆ ಬಂದರು. ಕೈಯಲ್ಲಿ ದರ್ಜಿಯವರ ಟೇಪು.

"ಯಜಮಾನರಿಗೆ ಸಕ್ಕರಿ ಬ್ಯಾನಿ ಯಾವಾಗಿನಿಂದ ಐತ್ರಿ?"

"ಯಾವ ಬ್ಯಾನಿನೂ ಇಲ್ರಿ. ಮದ್ದು ಹಾಕ್ಯಾರ. ಆ ಹೊಟ್ಟಿ ನೋಡ್ರಿ, ಕುತ್ತಿಗಿ ನೋಡ್ರಿ."

"ನೋಡೇನ್ರಿ. ಹೊಟ್ಟಿ ಅಳತಿನೂ ತಗೊಂಡೇನಿ. ಹೊಟ್ಟಿ ಬೊಜ್ಜು, ಸಕ್ಕರಿ, ಬಿಪಿ, ರಕ್ತದಾಗಿನ ಕೊಬ್ಬು, ಎಲ್ಲಾ ಒಮ್ಮೆಲೆ ಕೂಡ್ಯಾವು. ಎದಿ ಹಿಡಕೊಂಡು ಇಲ್ಲಿಗೆ ಬರೋರಾಗ ಬಾಳ ಮಂದಿಗೆ ಹಿಂಗ ಇರತೈತಿ. ಮೆಟಬಾಲಿಕ್ ಸಿಂಡ್ರೋಮ್ ಅಂತೇವಿ. ಕುತ್ತಿಗಿ ಕರ್ರಗಾಗೂದೂ ಅದರದ ಗುರ್ತು. ಅವರು ಯಾವ ಗುಳಿಗಿ ತಗೋತಿದ್ರು ಅಂತ ನನಗ ಈಗ ಗೊತ್ತಾಗಬೇಕು. ತಡಾ ಮಾಡಬ್ಯಾಡ್ರಿ."

ಸರೋಜವ್ವ ಉತ್ತರಿಸುವ ಮೊದಲೇ ನೀಲಾಂಬಿಕಾ ಮೆಟ್ಟಿಲು ಹತ್ತಿ ಬಂದು ಸೆರಗು ಬಿಚ್ಚಿದಳು. ಅದರಲ್ಲಿ ಗುಳಿಗೆಯ ಪಟ್ಟಿಗಳಿದ್ದವು.

"ಇವ ನೋಡ್ರಿ. ನಮ್ಮನಿಯವರಿಗೂ ಮೊದಲು ಕುತ್ತಿಗಿನ ಕರ್ರಗಾಗಿತ್ತು. ಭಾವನವರದು ಕಂಡು ನಾನ ಜುಲುಮಿ ಮಾಡಿ ರಕ್ತ ತೋರ್ಸಾಕ ಕಳಿಸಿದೆ. ಅಕ್ಕಗ ಹೇಳಬ್ಯಾಡ, ಎದಿ ಒಡಕೊಂತಾಳ ಅಂದ್ರು. ಅದಕ್ಕ ನಮ್ಮನ್ಯಾಗ ಇಟ್ಟು ನುಂಗಿ ಹೋಗ್ತಿದ್ರು."

ಡಾಕ್ಟರ್ ಪಟ್ಟಿಗಳನ್ನು ತಿರುಗಿಸಿ ನೋಡಿದರು. "ತುಂಬಿದ್ದು ತುಂಬಿದಂಗ ಐತಲ್ಲ. ಯಾಕ ಬಿಟ್ರು?"

ನೀಲಾಂಬಿಕಾ ಒಮ್ಮೆ ಸರೋಜವ್ವನನ್ನು ನೋಡಿದಳು, ಆಮೇಲೆ ನೆಲ ನೋಡಿದಳು.

"ಗೊತ್ತಿಲ್ರಿ."

ಸರೋಜವ್ವನಿಗೆ ಗೊತ್ತಿತ್ತು. ಬಿಡಿಸಿದವಳು ತಾನು, ಅದೂ ಗದ್ದುಗೆಯ ಮುಂದೆ, ತನ್ನ ತಲೆಯನ್ನೇ ಪಣಕ್ಕಿಟ್ಟು. ಕುಂಕುಮ ಕಾಯಲು ಹೋಗಿ ನನ್ನ ಕೈಯಾರೆ ಒರೆಸಿಕೊಳ್ಳುತ್ತಿದ್ದೆನಲ್ಲ ಎಂದುಕೊಂಡಳು. ಆದರೂ ಒಳಗಿನ ಹುಳ ಸುಮ್ಮನಿರಲಿಲ್ಲ. ಇವಳು ನನ್ನ ಹೆಸರನ್ನೇಕೆ ಹೇಳಲಿಲ್ಲ? ಇದರಲ್ಲೇನು ಮಸಲತ್ತಿದೆ?

ಡಾಕ್ಟರ್ ಇಬ್ಬರನ್ನೂ ಒಳಗೆ ಕರೆದರು. ನರ್ಸು ಸಲೈನ್ ಸರಿ ಮಾಡುತ್ತಿದ್ದಳು, ನೀರಿನ ತಂಬಿಗೆಯ ಹತ್ತಿರ ನಿಂತದ್ದು ನೀಲಾಂಬಿಕಾ. ಹೀಗಾಗಿ ಡಾಕ್ಟರ್ ಕೊಟ್ಟ ಗುಳಿಗೆ ಅವಳ ಕೈಗೇ ಬಂತು. ಅವಳು ಗುಳಿಗೆಯನ್ನು ಬಾಯಿಯ ಹತ್ತಿರ ಒಯ್ದಳು. ಪರಮೇಶ್ವರಪ್ಪ ತುಟಿ ಬಿಗಿದುಕೊಂಡ.

"ನುಂಗ್ರಿ ಯಜಮಾನ್ರ" ಎಂದರು ಡಾಕ್ಟರ್.

ಅವನು ತಲೆ ಅಲ್ಲಾಡಿಸಿದ. ಅವನ ಕಣ್ಣು ಹೆಂಡತಿಯ ತಲೆಯ ಮೇಲೆಯೇ ಇತ್ತು. ತನ್ನ ಎದೆಯ ನೋವಿಗಿಂತ ಆ ತಲೆಗೆ ಏನಾದೀತೋ ಎಂಬ ಹೆದರಿಕೆಯೇ ಅವನ ಮುಖದಲ್ಲಿ ದೊಡ್ಡದಾಗಿತ್ತು. ಅದನ್ನು ಕಂಡು ಸರೋಜವ್ವನಿಗೆ ತಡೆಯಲಾಗಲಿಲ್ಲ, ಅಳು ಒತ್ತರಿಸಿ ಬಂತು.

"ನುಂಗ್ರಿ" ಎಂದಳು. "ಆಣಿ ನಾನ ವಾಪಸ್ ತಗೊಂಡೇನಿ. ನನಗೇನೂ ಆಗೂದಿಲ್ಲ."

ಪರಮೇಶ್ವರಪ್ಪ ಬಾಯಿ ತೆರೆದ. ನೀಲಾಂಬಿಕಾ ಗುಳಿಗೆ ಹಾಕಿ, ನಿಧಾನವಾಗಿ ನೀರು ಕುಡಿಸಿ, ಖಾಲಿ ಗ್ಲಾಸನ್ನು ಕೆಳಗಿಟ್ಟಳು.

ಸರೋಜವ್ವ ಒಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯಿಂದ ಆ ಗ್ಲಾಸನ್ನು ಎತ್ತಿ, ತಳದಲ್ಲಿ ಏನಾದರೂ ಉಳಿದಿದೆಯೇ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.