ಒಂದಾದರೂ ತಪ್ಪು

“ಒಂದು ತಪ್ಪೂ ಹುಡುಕೋಕಾಗಲ್ಲ, ಮೇಷ್ಟ್ರೇ! ಈ ಕ್ಯಾಮೆರಾ ನಿಮ್ಮಿಂದ ತಗೊಂಡು ಮೂವತ್ತು ವರ್ಷ ಆಯ್ತು, ಇವತ್ತಿಗೂ ಫೋಟೋದಲ್ಲಿ ತಲೆಕೂದಲು ಎಣಿಸಬಹುದು. ಕೈ ಅಂದ್ರೆ ನಿಮ್ಮದು!” ಎಂದು ಸ್ಟುಡಿಯೋದವನು ಹೊಗಳಿದ.

ಹೊಗಳಿಸಿಕೊಂಡವರ ಮುಖ ಬಾಡಿತು.

ಅವರೇನೂ ಪಾಠ ಹೇಳಿದ ಮೇಷ್ಟ್ರಲ್ಲ. ಹಳೆಯ ಕ್ಯಾಮೆರಾ ಕೊಂಡವರು ಅಂಗಿಯ ತುದಿಯಿಂದ ಲೆನ್ಸ್ ಒರೆಸುವುದನ್ನು ಕಂಡರೆ ಸಾಕು, “ಮೊದಲು ಗಾಳಿ ಊದಿ, ಆಮೇಲೆ ಬ್ರಷ್ಷು, ಕೊನೆಗೆ ಬಟ್ಟೆ!” ಎಂದು ಗದರುತ್ತಿದ್ದರು. ಹಾಗೆ ಅಂಟಿದ ಹೆಸರು. ನಲವತ್ತು ವರ್ಷ ಸೆಕೆಂಡ್ ಹ್ಯಾಂಡ್ ಕ್ಯಾಮೆರಾಗಳನ್ನು ಬಿಚ್ಚಿ, ಶುಚಿ ಮಾಡಿ, ಪರೀಕ್ಷಿಸಿ ಕೊಟ್ಟವರು. ತಿಂಗಳ ಕೊನೆಗೆ ಅಂಗಡಿ ಮುಚ್ಚಲಿದ್ದರು. ಬಾಗಿಲಿಗೊಂದು ಹಲಗೆ ನೇತುಹಾಕಿದ್ದರು: ‘ಇಲ್ಲಿ ರಿಪೇರಿಯಾದ ಕ್ಯಾಮೆರಾ ತನ್ನಿ. ಪುಕ್ಕಟೆಯಾಗಿ ಶುಚಿ ಮಾಡಿಕೊಡುತ್ತೇವೆ. ಚೀಲದ ಸಮೇತ ತರಬೇಕು.’

ಸ್ಟುಡಿಯೋದವನ ಕ್ಯಾಮೆರಾದ ಹಿಂಬಾಗಿಲು ತೆರೆದರು. ಬೆಳಕು ತಡೆಯುವ ಸ್ಪಂಜು ಡಾಂಬರಿನಂತೆ ಕರಗಿತ್ತು, ಕೆರೆದರು. ಬ್ಯಾಟರಿ ಗೂಡಿನ ಹಸಿರು ಕಿಲುಬನ್ನು ವಿನೆಗರ್ ಅದ್ದಿದ ಹತ್ತಿಯಿಂದ ತೆಗೆದರು. ಷಟರಿನ ಸದ್ದಿಗೆ ಕಿವಿಗೊಟ್ಟರು. ಎಲ್ಲ ಮುಗಿದ ಮೇಲೆ ಚರ್ಮದ ಚೀಲದ ಒಳಬಟ್ಟೆಯಡಿಗೆ ಬೆರಳು ತೂರಿಸಿ ಸಣ್ಣ ಲಕೋಟೆಯೊಂದನ್ನು ಎಳೆದರು.

ಪ್ರತಿ ಕ್ಯಾಮೆರಾಗೂ ಅಂಥದೊಂದು ಇರುತ್ತಿತ್ತು. ಗಿರಾಕಿಗೆ ಕೊಡುವ ಮುನ್ನ ನಾಲ್ಕು ಫೋಟೋ ತೆಗೆದು ನೋಡುವುದು ಅಂಗಡಿಯ ಪದ್ಧತಿ. ಹೆಂಡತಿ ಸ್ಟೂಲಿನ ಮೇಲೆ ಕೂತು, ಅಂಕಿ ಬರೆದ ರಟ್ಟನ್ನು ಕೈ ಚಾಚಿ ಹಿಡಿಯಬೇಕು. ಮೇಷ್ಟ್ರು, ಫೋಕಸ್ ಆದದ್ದಷ್ಟೇ ಸ್ಪಷ್ಟವಾಗಿ ಬರುವಂತೆ ಲೆನ್ಸ್ ಪೂರ್ತಿ ತೆರೆದು, ಅಂಕಿಗಳಿಗೆ ಫೋಕಸ್ ಮಾಡಬೇಕು. ಫಿಲ್ಮ್ ತೊಳೆದು, ಒಣಗಿಸಿ, ಭೂತಗನ್ನಡಿ ಹಿಡಿದು ತೀರ್ಪು ಕೊಡುವವಳು ಹೆಂಡತಿಯೇ. ಅಂಕಿ ಚೂರು ಮಂಜಾದರೂ ಫಿಲ್ಮು ಕಸದ ಬುಟ್ಟಿಗೆ, ಕ್ಯಾಮೆರಾ ಮತ್ತೆ ಮೇಜಿಗೆ. ಒಪ್ಪಿಗೆಯಾದರೆ ನೆಗೆಟಿವ್ ಲಕೋಟೆಗೆ ಸೇರಿ, ಮೇಲೆ ‘ಸರಿಯಿದೆ’ ಎಂಬ ಅವಳ ಬರಹ ಬೀಳುತ್ತಿತ್ತು.

ಮೇಷ್ಟ್ರು ನೆಗೆಟಿವನ್ನು ಬೆಳಕಿಗೆ ಹಿಡಿದರು. ಅಂಕಿಗಳು ಕಡೆದಿಟ್ಟಂತಿದ್ದವು. ಅದರಾಚೆ ಎಲ್ಲ ಮಂಜು.

“ಇದೂ ಸರಿಯಾಗಿದೆ,” ಎಂದರು, ಕೆಟ್ಟ ಸುದ್ದಿ ಹೇಳುವವರಂತೆ.

ಊಟದ ಡಬ್ಬಿ ತಂದಿದ್ದ ಮಗಳು, ಸ್ಟುಡಿಯೋದವನು ಹೋಗುವುದನ್ನೇ ಕಾದು ಶುರುಮಾಡಿದಳು. “ಲೋಕವೆಲ್ಲ ಹೊಗಳಿಕೆಗೆ ಕಾಯುತ್ತೆ, ನೀವೊಬ್ರು ಬೈಗುಳಕ್ಕೆ ಕಾಯ್ತೀರಿ. ಅಮ್ಮ ಪಾಸು ಮಾಡಿದ್ರಲ್ಲಿ ತಪ್ಪು ಎಲ್ಲಿಂದ ಬರುತ್ತಪ್ಪಾ?”

“ನಲವತ್ತು ವರ್ಷದಲ್ಲಿ ಒಂದಾದ್ರೂ ತಪ್ಪಾಗಿರಬೇಕಲ್ಲಮ್ಮಾ.”

“ಆಗಿದ್ರೆ ಆಗ್ಲಿ ಬಿಡಿ. ಅಮ್ಮ ಹೋಗಿ ಮೂರು ತಿಂಗಳು. ಇನ್ನಾದ್ರೂ ಸುಮ್ನೆ ಮನೇಲಿ ಕೂರಬಾರದಾ?” ಡಬ್ಬಿಯ ಮುಚ್ಚಳ ತೆಗೆಯುತ್ತಾ ಕೇಳಿದಳು, “ನಡುಮನೆ ಗೋಡೇಲಿ ಆ ಮೊಳೆ ಖಾಲಿ ಇದೆಯಲ್ಲ, ಕ್ಯಾಲೆಂಡರ್ ಹಾಕ್ಲಾ?”

“ಬೇಡ. ಇರಲಿ.”

ಕೆಲಸದ ಮೇಲಿನ ಅಭಿಮಾನ ಹುಚ್ಚಿಗೆ ತಿರುಗಿದೆ ಎಂದುಕೊಂಡಳು ಮಗಳು. ಎಲ್ಲೋ ಉಳಿದ ಒಂದು ತಪ್ಪನ್ನು ತಿದ್ದದೆ ಇವರಿಗೆ ನಿದ್ದೆ ಬರುವುದಿಲ್ಲ.

ಕೊನೆಯ ದಿನ ಮಗಳು ಸಾಮಾನು ಕಟ್ಟುತ್ತಿದ್ದಾಗ ಟೈಲರ್ ಹೆಂಗಸೊಬ್ಬಳು ಬಂದು ಕ್ಯಾಮೆರಾವನ್ನು ಚೀಲದ ಸಮೇತ ಮೇಜಿನ ಮೇಲೆ ಕುಕ್ಕಿದಳು.

“ಗುಜರಿಯಲ್ಲಿ ತಗೊಂಡೆ. ಒಳಗೆ ನಿಮ್ಮ ಅಂಗಡಿ ಚೀಟಿ ಇದೆ. ದರಿದ್ರದ ಡಬ್ಬ ರೀ! ಮಗೂಗೆ ಫೋಕಸ್ ಮಾಡಿದ್ರೆ ಮಗು ಮಂಜು, ಹಿಂದಿನ ಗೋಡೆ ಬಿರುಕಿನ ಸಮೇತ ಬರುತ್ತೆ.”

ಮೇಷ್ಟ್ರು ಎದ್ದು ನಿಂತರು. “ನಿಜವಾಗ್ಲೂ?”

“ಸುಳ್ಳು ಯಾಕೆ ಹೇಳ್ಲಿ? ಮೊದಲಿನವರೂ ಇದೇ ಕಾಟಕ್ಕೆ ಮಾರಿದ್ರಂತೆ.”

“ತುಂಬಾ ಸಂತೋಷ!”

“ಇದೇನ್ರೀ! ಕೆಟ್ಟಿದೆ ಅಂದ್ರೆ ಸಂತೋಷ ಪಡ್ತೀರಿ?”

ಮೇಷ್ಟ್ರು ಗಾಳಿ ಊದಲಿಲ್ಲ, ಬ್ರಷ್ಷು ಹಿಡಿಯಲಿಲ್ಲ, ಕ್ಯಾಮೆರಾವನ್ನು ಮುಟ್ಟಲೂ ಇಲ್ಲ. ಬೆರಳು ನೇರ ಚೀಲದೊಳಕ್ಕೆ ಹೋಯಿತು. ಲಕೋಟೆಯನ್ನು ಕೊಡವಿ ನೆಗೆಟಿವ್ ತೆಗೆದರು, ಖಾಲಿ ಲಕೋಟೆ ಮೇಜಿನ ಮೇಲೆ ಬೋರಲಾಗಿ ಬಿತ್ತು. ನೆಗೆಟಿವನ್ನು ಭೂತಗನ್ನಡಿಯಡಿಗೆ ತಂದರು.

ಅಂಕಿಗಳು ಮಂಜು.

ಅವುಗಳ ಹಿಂದೆ, ಚಾಚಿದ ಕೈಗಳಾಚೆ, ಒಂದು ಮುಖ. ರೆಪ್ಪೆಯ ಒಂದೊಂದು ಕೂದಲೂ ಬಿಡಿಬಿಡಿ. ನೆಗೆಟಿವ್ ಆದ್ದರಿಂದ ಆಗಿನ ಕಪ್ಪು ತಲೆ ಬೆಳ್ಳಗಿತ್ತು, ಕೊನೆಯ ದಿನಗಳಲ್ಲಿದ್ದಂತೆಯೇ.

ಮಗಳು ಬಗ್ಗಿ ನೋಡಿದಳು. “ಅಮ್ಮ!”

ಹೆಚ್ಚು ಮಾತು ಬೇಕಾಗಲಿಲ್ಲ. ಕ್ಯಾಮೆರಾ ಎತ್ತಿದರೆ ‘ನನ್ನ ಮುಖಕ್ಕೆ ಫಿಲ್ಮ್ ದಂಡ’ ಎಂದು ಒಳಗೋಡುತ್ತಿದ್ದವಳು. ಗುರುತಿನ ಚೀಟಿಯ ಚಿತ್ರವನ್ನು ‘ಇವಳ್ಯಾರೋ ಕಳ್ಳಿ’ ಎಂದು ತಾನೇ ನಗುತ್ತಿದ್ದವಳು. ಆ ಮೊಳೆಗೆ ತೂಗಹಾಕಲು ಮನೆಯಲ್ಲಿ ಅವಳ ಬೇರೊಂದು ಫೋಟೋ ಇರಲಿಲ್ಲ.

“ಇದಕ್ಕಾ ಅಪ್ಪಾ, ಇಷ್ಟು ದಿನ?” ಮಗಳು ಭೂತಗನ್ನಡಿಯನ್ನು ತನ್ನತ್ತ ಎಳೆದುಕೊಂಡಳು. “ಆದ್ರೆ ಅಮ್ಮನ ಕಣ್ಣಿಗೆ ಇದು ಹೇಗೆ ಬೀಳ್ಲಿಲ್ಲ?”

“ಕಣ್ತಪ್ಪಿರಬೇಕು. ನನ್ನ ಪುಣ್ಯಕ್ಕೆ ಒಂದೇ ಒಂದು ಸಲ.”

ಮೇಷ್ಟ್ರು ನೆಗೆಟಿವನ್ನು ಮತ್ತೆ ಒಳಗಿಡಲು ಬೋರಲಾಗಿದ್ದ ಲಕೋಟೆಯನ್ನು ಮಗುಚಿದರು.

ಅದರ ಮೇಲೆ ಮೊದಲು ‘ಅಂಕಿ ಮಂಜು’ ಎಂದು ಬರೆದು, ಹೊಡೆದುಹಾಕಿ, ಅದೇ ಕೈ ಕೆಳಗೆ ಬರೆದಿತ್ತು: ‘ಸರಿಯಿದೆ.’