ಕುರ್ಚಿಯ ಜಾಗ

"ಒಂದೊಂದೇ ಗೇಣು ಹಿಂದಕ್ಕೆ ಸರಿಸಿ ಅಂದ್ರೆ, ಒಂದೇ ಏಟಿಗೆ ಬಾಗಿಲಿಗೆ ತಂದಿಟ್ರಲ್ಲ ಕುರ್ಚೀನ. ತಲೇಲಿ ಏನಿದೆ ನಿಮಗೆ, ಮರದ ಹೊಟ್ಟಾ?"

ಹೆಂಡತಿ ಬೈಯುತ್ತಿದ್ದರೆ ಬಡಗಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ನಿದ್ದೆಯಿಲ್ಲದೆ ಅವನ ಕಣ್ಣು ಕೆಂಡವಾಗಿತ್ತು, ಅವಳದೂ ಅಷ್ಟೆ. ರಾತ್ರಿಯಿಡೀ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ ಮಗಳು ಪುಟ್ಟಿ ಈಗ ಮೂಲೆಯಲ್ಲಿ ಕೂತು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿದ್ದಳು.

ಆಟಿಸಂ ಇರುವ ಮಕ್ಕಳಿಗೆ ನಿದ್ದೆಯನ್ನೂ ಕಲಿಸಬೇಕಾಗುತ್ತದೆ ಎಂದಿದ್ದರು ಆಸ್ಪತ್ರೆಯ ಮೇಡಂ. ಅಪ್ಪನ ಕೈ ಹಿಡಿಯದೆ ಪುಟ್ಟಿ ಮಲಗುತ್ತಿರಲಿಲ್ಲ, ಕೈ ಜಾರಿದರೆ ಎಚ್ಚರ. ಅದಕ್ಕೇ ಈ ಕುರ್ಚಿ. ಮೊದಲು ಮಂಚಕ್ಕೆ ತಾಗಿಸಿಕೊಂಡು ಅಪ್ಪ ಕೂರಬೇಕು. ಮಗು ಒಗ್ಗಿಕೊಂಡ ಹಾಗೆ ಗೇಣುಗೇಣಾಗಿ ಸರಿಸುತ್ತ ಕೊನೆಗೆ ಹೊಸಿಲು ದಾಟಿಸಬೇಕು. ಅಪ್ಪ ಕಾಣದಿದ್ದರೂ ಆಚೆ ಕೂತಿದ್ದಾನೆ ಎಂಬ ಧೈರ್ಯದಲ್ಲಿ ಅದು ಮಲಗಬೇಕು. ಬಡಗಿ ತಾನೇ ಕುರ್ಚಿ ಮಾಡಿದ್ದ, ಎಳೆದರೆ ಸದ್ದಾಗಬಾರದೆಂದು ಕಾಲುಗಳಿಗೆ ರಬ್ಬರು ಹೊಡೆದು. ಆ ಒಂಟಿ ಕೋಣೆಯ ಮನೆಯಲ್ಲಿ ಕುರ್ಚಿ ಮಂಚದಿಂದ ಅರ್ಧ ದಾರಿ ಬರುವಷ್ಟರಲ್ಲಿ ಗಂಡ ಹೆಂಡತಿಗೆ ಜೀವ ಬಾಯಿಗೆ ಬಂದಿತ್ತು.

ಇಷ್ಟು ದಿನ ಪಟ್ಟ ಪಾಡೆಲ್ಲ ನೀರುಪಾಲಾಯಿತು, ಮತ್ತೆ ಮಂಚದಿಂದಲೇ ಶುರು ಮಾಡಬೇಕು ಎಂದಳು ಅವಳು. ತೂಕಡಿಸಿ ಗರಗಸಕ್ಕೆ ಬೆರಳು ಕೊಟ್ಟವನು ನಾನು ಎಂದು ಅವನು ಬಟ್ಟೆ ಸುತ್ತಿದ ಕೈ ಎತ್ತಿದ. ನಾನೇನು ಗೊರಕೆ ಹೊಡೆಯುತ್ತಿದ್ದೆನಾ ಎಂದಳು. ಮಾತಿಗೆ ಮಾತು ಬೆಳೆಯಿತು.

"ಅಪ್ಪ ಅನ್ನಿಸಿಕೊಂಡ ಮೇಲೆ ಕೂರ್ಬೇಕು. ಆಗಲ್ಲ ಅಂದ್ರೆ ಹೋಗಿ, ಎಲ್ಲಾದ್ರೂ ಬಿದ್ಕೊಳ್ಳಿ."

"ಒಂದೇ ಒಂದು ರಾತ್ರಿ ಕಣೇ," ಎಂದ ಅವನು. "ಒಂದು ರಾತ್ರಿ ನಿದ್ದೆ ಮಾಡ್ಬೇಕು ನಂಗೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಹೆದರಿದ್ದು ಅದಕ್ಕೇ. ಉಳಿ, ಸುತ್ತಿಗೆಯ ಚೀಲ ಹೆಗಲಿಗೇರಿಸಿ, ಪುಟ್ಟಿಯ ತಲೆ ಸವರಲು ಬಾಗಿ, ಮುಟ್ಟದೆಯೇ ಹೊರಟುಹೋದ.

ಸಂಜೆ ಬರಲಿಲ್ಲ. ಫೋನೂ ಎತ್ತಲಿಲ್ಲ. ಮಲಗುವ ಹೊತ್ತಿಗೆ ಅವಳೇ ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಕೂತಳು. ಪುಟ್ಟಿ ಅಮ್ಮನ ಮುಖ ನೋಡಲಿಲ್ಲ. ಮಂಚದಿಂದ ಇಳಿದು, ಅವಳನ್ನು ತಳ್ಳಿ ಎಬ್ಬಿಸಿ, ಎರಡೂ ಕೈಯಲ್ಲಿ ಕುರ್ಚಿ ಎಳೆದುಕೊಂಡು ಹೋಗಿ ಹೊಸಿಲಾಚೆ ಇಟ್ಟಳು. ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ನಿದ್ದೆ ಹೋದಳು.

ಅಪ್ಪ ಇನ್ನೂ ಬಂದಿಲ್ಲ. ಪುಟ್ಟಿ ಈಗ ದಿನವೂ ತಾನಾಗಿಯೇ ಮಲಗುತ್ತಾಳೆ. ಹೇಗೆ ಸಾಧಿಸಿದಿರಿ ಎಂದು ಮೇಡಂ ಕೇಳಿದರು, ಇನ್ನು ಕುರ್ಚಿ ತೆಗೆದುಬಿಡಿ ಎಂದರು. ಅಮ್ಮ ತೆಗೆದಿಲ್ಲ. ಮನೆಗೆ ಬಂದ ಯಾರಾದರೂ ಅದರಲ್ಲಿ ಕೂರಲು ಹೋದರೆ, ಬಸ್ಸಿನಲ್ಲಿ ಸೀಟು ಹಿಡಿದವರ ಹಾಗೆ ಅಡ್ಡ ಕೈ ಇಡುತ್ತಾಳೆ.

"ಅಲ್ಲಿ ಕೂರ್ಬೇಡಿ. ಜನ ಬರ್ತಾರೆ."